ಕಾಗದದ ಕಮಾನು ಕಟ್ಟಿಸಿದ ದೊರೆ

ಪ್ರಶ್ನೆ: ನಾನು ಚಿತ್ರಕಲೆ ಓದುತ್ತಿದ್ದೇನೆ. ರೆನೆಸಾನ್ಸ್ ಕಾಲದ ಅಚ್ಚುಚಿತ್ರಗಳಲ್ಲಿ ಎಲ್ಲಿ ನೋಡಿದರೂ ಕಿರೀಟ, ಹದ್ದು, ಲಾಂಛನ, ವಿಚಿತ್ರ ಪ್ರಾಣಿಗಳು. ಮ್ಯಾಕ್ಸಿಮಿಲಿಯನ್ ಚಕ್ರವರ್ತಿಯ ದೊಡ್ಡ ಕಮಾನಿನ ಚಿತ್ರ ನೋಡಿ ತಲೆಯೇ ತಿರುಗಿತು. ಇವನ್ನೆಲ್ಲ ಹೇಗೆ ಓದಬೇಕು? ಆಗಿನ ಜನಕ್ಕೆ ಇದೆಲ್ಲ ಅರ್ಥವಾಗುತ್ತಿತ್ತಾ? ಆ ಎರಡು ತಲೆಯ ಹದ್ದಿಗೂ ನಮ್ಮ ಗಂಡಭೇರುಂಡಕ್ಕೂ ಏನಾದರೂ ಸಂಬಂಧ ಇದೆಯಾ?

ಉತ್ತರ: ತಲೆ ತಿರುಗಿದ್ದು ಒಳ್ಳೆಯದೇ ಆಯಿತು. ಆ ಚಿತ್ರ ಮಾಡಿಸಿದ್ದೇ ನೋಡಿದವರ ತಲೆ ತಿರುಗಲಿ ಅಂತ. ಎದುರು ನಿಂತವನು ಮೊದಲು ಬೆರಗಾಗಬೇಕು, ಆಮೇಲೆ ಎಷ್ಟು ಅರ್ಥವಾಗುತ್ತದೋ ಅಷ್ಟು ಆಗಲಿ, ಇದು ಅವರ ಲೆಕ್ಕ.

ಇಂಥ ಚಿತ್ರ ಕಂಡ ಕೂಡಲೇ ನಾವು ಒಂದು ಪಟ್ಟಿ ಹುಡುಕುತ್ತೇವೆ. ಸಿಂಹ ಅಂದರೆ ಧೈರ್ಯ, ಹದ್ದು ಅಂದರೆ ಸಾಮ್ರಾಜ್ಯ, ಹೀಗೆ. ಪಟ್ಟಿ ಬೇಕು ನಿಜ, ಆದರೆ ಅಷ್ಟಕ್ಕೇ ನಿಂತರೆ ಚಿತ್ರ ಕೈಗೆ ಸಿಗುವುದಿಲ್ಲ. ಮೂವತ್ತು ವರ್ಷದಿಂದ ಮರ ಕೊರೆದು ಅಚ್ಚು ತೆಗೆಯುತ್ತಾ, ಈ ಹಳೆಯ ಅಚ್ಚುಗಳನ್ನು ನೋಡುತ್ತಾ ನನಗೆ ಗಟ್ಟಿಯಾದ ಒಂದು ಅಭಿಪ್ರಾಯ ಇದೆ. ಚಿತ್ರದಲ್ಲಿ ಅಧಿಕಾರದ ಗುರುತುಗಳು ಜಾಸ್ತಿ ತುಂಬಿಕೊಂಡಿದ್ದರೆ, ಆ ದೊರೆಗೆ ಏನು ಕೊರತೆ ಇತ್ತು ಅಂತ ಮೊದಲು ಕೇಳಿ. ಅವನ ಹತ್ತಿರ ಇದ್ದದ್ದನ್ನಷ್ಟೇ ಚಿತ್ರ ತೋರಿಸುವುದಿಲ್ಲ. ಇಲ್ಲದ್ದನ್ನು ತುಂಬಿಕೊಡುವ ಕೆಲಸವನ್ನೂ ಮಾಡುತ್ತದೆ. ಇದಕ್ಕೆ ಮ್ಯಾಕ್ಸಿಮಿಲಿಯನ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಹಾಗಾಗಿ ಅವನ ಹತ್ತಿರವೇ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಮೊದಲು ಮನುಷ್ಯನ ಪರಿಸ್ಥಿತಿ ನೋಡಿ. ಹ್ಯಾಬ್ಸ್‌ಬರ್ಗ್ ಮನೆತನದ ಮ್ಯಾಕ್ಸಿಮಿಲಿಯನ್ ಜರ್ಮನ್ ನಾಡುಗಳ ದೊರೆ. ಪವಿತ್ರ ರೋಮನ್ ಚಕ್ರವರ್ತಿ ಅನ್ನಿಸಿಕೊಳ್ಳಬೇಕಾದರೆ ರೋಮ್‌ಗೆ ಹೋಗಿ ಪೋಪನ ಕೈಯಿಂದ ಕಿರೀಟ ಇಡಿಸಿಕೊಳ್ಳಬೇಕು ಅನ್ನುವುದು ಹಳೆಯ ಸಂಪ್ರದಾಯ. ಇವನು ಹೊರಟ. ವೆನಿಸ್‌ನವರು ದಾರಿ ಬಿಡಲಿಲ್ಲ. ಕೊನೆಗೆ 1508ರ ಫೆಬ್ರವರಿ 4ರಂದು ಟ್ರೆಂಟೊ ಊರಲ್ಲೇ ನಿಂತು ‘ಚುನಾಯಿತ ರೋಮನ್ ಚಕ್ರವರ್ತಿ’ ಅಂತ ಘೋಷಿಸಿಕೊಂಡ. ಪೋಪ್ ಎರಡನೇ ಜೂಲಿಯಸ್ ಒಪ್ಪಿಗೆ ಕೊಟ್ಟರು, ಆದರೆ ಪೋಪನ ಕೈಯಿಂದ ಕಿರೀಟ ತಲೆಗೆ ಬರಲೇ ಇಲ್ಲ. ಜೊತೆಗೆ ಕೈಯಲ್ಲಿ ಯಾವಾಗಲೂ ಕಾಸಿಲ್ಲ. ಔಗ್ಸ್‌ಬುರ್ಗ್‌ನ ಫುಗ್ಗರ್ ಸಾಹುಕಾರರ ಹತ್ತಿರ ಸಾಲದ ಮೇಲೆ ಸಾಲ. 1518ರ ಕೊನೆಯಲ್ಲಿ ಇನ್ಸ್‌ಬ್ರುಕ್‌ಗೆ ಬಂದಾಗ, ಹಳೆಯ ಬಾಕಿ ತೀರಿಲ್ಲ ಅಂತ ಅಲ್ಲಿನ ವಸತಿಗೃಹದವರು ಅವನ ಪರಿವಾರಕ್ಕೂ ಕುದುರೆಗಳಿಗೂ ಜಾಗ ಕೊಡಲಿಲ್ಲ. ಚಕ್ರವರ್ತಿಗೆ ಈ ಗತಿ.

ಈಗ ಅದೇ 1508ರಲ್ಲಿ ಔಗ್ಸ್‌ಬುರ್ಗ್‌ನ ಹಾನ್ಸ್ ಬುರ್ಗ್‌ಮೈರ್ ಬರೆದ ಅಚ್ಚುಚಿತ್ರ ನೋಡಿ. ಮ್ಯಾಕ್ಸಿಮಿಲಿಯನ್ ಕುದುರೆ ಮೇಲೆ ಕೂತಿದ್ದಾನೆ. ಅವನಿಗೂ ಕವಚ, ಕುದುರೆಗೂ ಮೈತುಂಬ ಕವಚ. ತಲೆ ಮೇಲೆ ನವಿಲುಗರಿಯ ತುರಾಯಿ. ಹಿಂದೆ ರೋಮನ್ ಶೈಲಿಯ ಕಮಾನು. ಮೇಲೆ ‘ಇಂಪರೇಟರ್ ಸೀಸರ್ ಮ್ಯಾಕ್ಸಿಮಿಲಿಯನ್ ಅಗಸ್ಟಸ್’ ಅಂತ ಲ್ಯಾಟಿನ್‌ನಲ್ಲಿ ಬರಹ. ರೋಮ್‌ಗೆ ಹೋಗಲು ಆಗಲಿಲ್ಲ ಅಲ್ವಾ, ರೋಮ್‌ನ ಕಮಾನನ್ನೇ ಚಿತ್ರಕ್ಕೆ ತರಿಸಿಕೊಂಡ! ಕೆಲವು ಪ್ರತಿಗಳನ್ನು ಚಿನ್ನದ ಬಣ್ಣದಲ್ಲೂ ಅಚ್ಚು ಹಾಕಿದರು. ಆಗಿನ ಮಟ್ಟಿಗೆ ಅದು ಬಹಳ ಹೊಸ ಕಸುಬು. ಸ್ಯಾಕ್ಸನಿಯ ದೊರೆಯ ಆಸ್ಥಾನದಲ್ಲಿ ಲ್ಯೂಕಾಸ್ ಕ್ರಾನಾಖ್ ಹಿಂದಿನ ವರ್ಷವೇ ಇಂಥದೊಂದು ಮಾಡಿ ತೋರಿಸಿದ್ದ, ಚಕ್ರವರ್ತಿಯ ಕಡೆಯವರು ಸುಮ್ಮನಿರುತ್ತಾರಾ? ಹತ್ತು ವರ್ಷ ಕಳೆದ ಮೇಲೆ ಅದೇ ಬ್ಲಾಕ್‌ನಲ್ಲಿ, ಅಂದರೆ ಚಿತ್ರ ಕೊರೆದ ಮರದ ಹಲಗೆಯಲ್ಲಿ, 1508 ಅನ್ನುವುದನ್ನು 1518 ಅಂತ ತಿದ್ದಿ ಮತ್ತೆ ಅಚ್ಚು ಹಾಕಿದರು. ಬಣ್ಣದ ಚಿತ್ರಕ್ಕೂ ಅಚ್ಚಿಗೂ ಇರುವ ವ್ಯತ್ಯಾಸ ಇದೇ. ಬ್ಲಾಕ್ ಕೈಯಲ್ಲಿ ಇರುವವರೆಗೆ ಹೇಳಿದ್ದನ್ನು ಮತ್ತೆ ಮತ್ತೆ ಹೇಳಬಹುದು.

ಇನ್ನು ನೀವು ನೋಡಿದ ಕಮಾನಿಗೆ ಬರೋಣ. ಅದರ ಮೇಲೆ 1515 ಅಂತ ಇಸವಿ ಇದೆ, ಅಚ್ಚು ಹಾಕಿದ್ದು 1517-18ರಲ್ಲಿ. ಒಟ್ಟು 195 ಮರದ ಬ್ಲಾಕ್‌ಗಳು, 36 ದೊಡ್ಡ ಹಾಳೆಗಳು. ಎಲ್ಲ ಅಂಟಿಸಿದರೆ ಸುಮಾರು ಮೂರೂವರೆ ಮೀಟರ್ ಎತ್ತರ, ಮೂರು ಮೀಟರ್ ಅಗಲ. ನಮ್ಮ ಮನೆಗಳ ಗೋಡೆಗೆ ಅಂಟಿಸಲು ಹೋದರೆ ಸೂರಿಗೆ ತಾಗುತ್ತದೆ. ಸುಮಾರು 700 ಸೆಟ್ ಅಚ್ಚಾಯಿತು. ದೊರೆಗಳಿಗೂ ನಗರಗಳಿಗೂ ಉಡುಗೊರೆ ಕಳಿಸುವುದು, ಅವರು ತಮ್ಮ ಅರಮನೆಯ, ನಗರಸಭೆಯ ಗೋಡೆಗೆ ಅಂಟಿಸಿಕೊಳ್ಳುವುದು, ಇದು ಯೋಜನೆ. ರೋಮನ್ ಚಕ್ರವರ್ತಿಗಳು ಗೆದ್ದು ಬಂದಾಗ ಕಲ್ಲಿನ ಕಮಾನು ಕಟ್ಟಿಸುತ್ತಿದ್ದರು. ಒಂದು ಕಲ್ಲಿನ ಕಮಾನು ಒಂದೇ ಊರಲ್ಲಿ ನಿಲ್ಲುತ್ತದೆ. ಇವನದು ಏಕಕಾಲಕ್ಕೆ ನೂರಾರು ಕಡೆ ನಿಲ್ಲಬಹುದು. ಕಲ್ಲಿಗಿಂತ ಅಗ್ಗ ಕೂಡ. ಬಡ ಚಕ್ರವರ್ತಿ ಮಾಡಬಹುದಾದ ಅತ್ಯಂತ ಜಾಣ ಕೆಲಸ ಇದು ಅಂತಲೇ ನನ್ನ ಅನಿಸಿಕೆ.

ಯಾವ ಚಿತ್ರ ಎಲ್ಲಿ ಬರಬೇಕು, ಯಾವ ಮಾತು ಎಲ್ಲಿ ಬರಬೇಕು ಅಂತ ಯೋಚಿಸಿದವನು ಆಸ್ಥಾನದ ಪಂಡಿತ ಯೊಹಾನೆಸ್ ಸ್ಟಾಬಿಯಸ್. ಕಟ್ಟಡದ ರೂಪ ಕೊಟ್ಟವನು ಯೋರ್ಗ್ ಕೋಲ್ಡರರ್. ಚಿತ್ರದ ಮುಖ್ಯ ಹೊಣೆ ನ್ಯೂರೆಂಬರ್ಗ್‌ನ ಆಲ್ಬ್ರೆಕ್ಟ್ ಡ್ಯೂರರ್‌ನದು. ಎರಡು ಪಕ್ಕದ ದುಂಡು ಗೋಪುರಗಳ ಚಿತ್ರ ಆಲ್ಬ್ರೆಕ್ಟ್ ಆಲ್ಟ್‌ಡಾರ್ಫರ್‌ನದು. ಕೊರೆಸಿದ್ದು ನ್ಯೂರೆಂಬರ್ಗ್‌ನ ಹೈರೋನಿಮಸ್ ಆಂಡ್ರೇ ಕಾರ್ಖಾನೆಯಲ್ಲಿ. ಮೂರು ಬಾಗಿಲುಗಳಿವೆ. ನಡುವಿನದು ಗೌರವ ಮತ್ತು ಬಲದ ಬಾಗಿಲು, ಎಡಕ್ಕೆ ಕೀರ್ತಿಯದು, ಬಲಕ್ಕೆ ಕುಲೀನತೆಯದು. ನಡುಬಾಗಿಲಿನ ಮೇಲೆ ವಂಶವೃಕ್ಷ. ಅದರ ಬುಡದಲ್ಲಿ ಮೂವರು ಹೆಂಗಸರು ಕೂತಿದ್ದಾರೆ. ಅವರು ಟ್ರಾಯ್, ಸಿಕಾಂಬ್ರಿಯಾ, ಫ್ರಾನ್ಸಿಯಾ ನಾಡುಗಳ ರೂಪ. ಅಂದರೆ ಈ ದೊರೆಯ ಬೇರು ಗ್ರೀಕ್ ಪುರಾಣಕಥೆಯ ಟ್ರಾಯ್ ನಗರದವರೆಗೆ ಹೋಗುತ್ತದೆ ಅನ್ನುವ ವಾದ. ನಮ್ಮಲ್ಲೂ ಅರಸರ ವಂಶಾವಳಿ ಸೂರ್ಯನಿಂದಲೋ ಚಂದ್ರನಿಂದಲೋ ಯದುವಿನಿಂದಲೋ ಶುರುವಾಗುತ್ತದೆ ಅಲ್ವಾ, ಅದಕ್ಕೆ ಈ ಜಾಗ ನಿಮಗೆ ಹೊಸದು ಅನ್ನಿಸಲಿಕ್ಕಿಲ್ಲ. ಎಡಗಡೆ ಸಾಲಿನಲ್ಲಿ ಜೂಲಿಯಸ್ ಸೀಸರ್‌ನಿಂದ ಹಿಡಿದು ಚಕ್ರವರ್ತಿಗಳು, ಬಲಗಡೆ ನೆಂಟರಿಷ್ಟರು. ನಡುನಡುವೆ ಅಲ್ಲಲ್ಲಿ ದಾಳಿಂಬೆ. ಅದು ಮ್ಯಾಕ್ಸಿಮಿಲಿಯನ್‌ನ ಖಾಸಗಿ ಗುರುತು. ಹೊರಗೆ ಸಿಪ್ಪೆ ಒರಟು, ಒಳಗೆ ಕಾಳು ತುಂಬಿದೆ. ಹಲವು ಜನಾಂಗಗಳು ಒಂದೇ ಸಿಪ್ಪೆಯೊಳಗೆ ಅಂತಲೂ ಓದುತ್ತಾರೆ.

ಈಗ ಕಣ್ಣನ್ನು ತೀರಾ ಮೇಲಕ್ಕೆ ಒಯ್ಯಿರಿ. ವಂಶವೃಕ್ಷದಿಂದಲೂ ಮೇಲೆ, ಗುಮ್ಮಟದ ಕೆಳಗೆ ಒಂದು ಮಂಟಪ ಇದೆ. ಅದರಲ್ಲಿ ದೊರೆ ಕೂತಿದ್ದಾನೆ, ಸುತ್ತ ಪ್ರಾಣಿಗಳ ಸಂತೆ. ನಿಮ್ಮ ತಲೆ ತಿರುಗಿಸಿದ್ದು ಬಹುಶಃ ಇದೇ. ಇದನ್ನು ಒಂದು ವಾಕ್ಯದ ಹಾಗೆ ಓದಬೇಕು, ಅಕ್ಷರಗಳ ಬದಲು ಪ್ರಾಣಿಗಳು, ಅಷ್ಟೇ. ಮೈಮೇಲೆ ಪಟ್ಟಿಯಂಥ ವಸ್ತ್ರ ಹೊದ್ದ ನಾಯಿ ಅಂದರೆ ದೊರೆ. ಕಿರೀಟದ ಮೇಲಿನ ನಕ್ಷತ್ರ ಭಕ್ತಿ. ಸಿಂಹ ಧೈರ್ಯ. ಅವನು ಕೂತಿರುವುದು ಪಪೈರಸ್ ಎಂಬ ಜೊಂಡಿನ ಕಟ್ಟಿನ ಮೇಲೆ, ಅಂದರೆ ಬಹಳ ಹಳೆಯ ವಂಶದವನು. ಆಕಾಶದಿಂದ ಇಬ್ಬನಿ ಬೀಳುತ್ತಿದೆ, ಅದು ವಿದ್ಯೆ. ರಾಜದಂಡಕ್ಕೆ ಸುತ್ತಿಕೊಂಡ ಹಾವು, ಭೂಮಿಯ ಬಹುಪಾಲು ಇವನದು ಅನ್ನುತ್ತದೆ. ಗೂಳಿ ಎಂದರೆ ವಿವೇಕ ಕೂಡಿದ ಪರಾಕ್ರಮ, ಗೋಳದ ಮೇಲಿನ ಗಿಡುಗ ಎಂದರೆ ಗೆಲುವು. ಯಾರ ಮೇಲೆ ಗೆಲುವು? ಅಲ್ಲೇ ಹಾವಿನ ಮೇಲೆ ನಿಂತ ಹುಂಜ ಇದೆ ನೋಡಿ. ಲ್ಯಾಟಿನ್‌ನಲ್ಲಿ ‘ಗಾಲಸ್’ ಅಂದರೆ ಹುಂಜವೂ ಹೌದು, ಗಾಲ್ ನಾಡಿನವನೂ ಹೌದು. ಅಂದರೆ ಫ್ರಾನ್ಸ್‌ನ ದೊರೆ! ಒಂದು ಕಾಲು ಎತ್ತಿ ನಿಂತ ಕೊಕ್ಕರೆ ಎಚ್ಚರಿಕೆಯ ಗುರುತು. ಕಾವಲಿನ ಕೊಕ್ಕರೆ ಎತ್ತಿದ ಕಾಲಲ್ಲಿ ಕಲ್ಲು ಹಿಡಿದಿರುತ್ತದೆ, ನಿದ್ದೆ ಹತ್ತಿದರೆ ಕಲ್ಲು ಬಿದ್ದು ಎಚ್ಚರವಾಗುತ್ತದೆ ಅಂತ ಹಳೆಯ ನಂಬಿಕೆ. ಕೊನೆಯಲ್ಲಿ ನೀರಿನ ಮೇಲೆ ಬರೀ ಎರಡು ಪಾದಗಳು ನಡೆಯುತ್ತಿವೆ. ಆಗದ ಕೆಲಸ ಅಂತ ಅರ್ಥ. ಎಲ್ಲ ಸೇರಿಸಿದರೆ, ಇಂಥಿಂಥ ಗುಣವುಳ್ಳ ದೊರೆ, ಯಾರೂ ಸಾಧ್ಯವಿಲ್ಲ ಅಂದುಕೊಂಡಿದ್ದಾಗ, ಆ ಬಲಿಷ್ಠ ಫ್ರೆಂಚ್ ದೊರೆಯನ್ನು ಗೆದ್ದು ಅವನ ತಂತ್ರಗಳಿಂದ ತನ್ನನ್ನು ಕಾಪಾಡಿಕೊಂಡ.

ಈ ಪ್ರಾಣಿಭಾಷೆ ಬಂದದ್ದು ಹೊರಾಪೊಲೊ ಎಂಬ ಹೆಸರಿನ ಒಂದು ಹಳೆಯ ಗ್ರೀಕ್ ಹಸ್ತಪ್ರತಿಯಿಂದ. ಅದು 1419ರಲ್ಲಿ ಆಂಡ್ರೋಸ್ ದ್ವೀಪದಲ್ಲಿ ಸಿಕ್ಕಿತು. ಈಜಿಪ್ಟಿನ ಚಿತ್ರಲಿಪಿಯ ಗುಟ್ಟು ಇದರಲ್ಲಿದೆ ಅಂತ ಯೂರೋಪಿನ ಪಂಡಿತರೆಲ್ಲ ನಂಬಿದರು. ಡ್ಯೂರರ್‌ನ ಜೀವದ ಗೆಳೆಯ ವಿಲಿಬಾಲ್ಡ್ ಪಿರ್ಕ್‌ಹೈಮರ್ ಅದನ್ನು ಲ್ಯಾಟಿನ್‌ಗೆ ಅನುವಾದ ಮಾಡಿದ, ಡ್ಯೂರರ್ ಚಿತ್ರ ಬರೆದುಕೊಟ್ಟ. ಆದರೆ ಈಜಿಪ್ಟಿನವರು ಹಾಗೆ ಬರೆಯುತ್ತಲೇ ಇರಲಿಲ್ಲ. 1822ರಲ್ಲಿ ಫ್ರಾನ್ಸ್‌ನ ಪಂಡಿತ ಶಾಂಪೋಲಿಯನ್ ಆ ಲಿಪಿಯನ್ನು ಬಿಡಿಸಿದ ಮೇಲೆ ಈ ಅರ್ಥಗಳಲ್ಲಿ ಬಹುಪಾಲು ಕಲ್ಪನೆ ಅಂತ ಗೊತ್ತಾಯಿತು.

ಹಾಗಾದರೆ ಜನಕ್ಕೆ ಅರ್ಥವಾಗುತ್ತಿತ್ತಾ ಅನ್ನುವ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಕಿರೀಟ, ಹದ್ದು, ಕುದುರೆ, ಲಾಂಛನ, ಇವು ಸಂತೆಗೆ ಬಂದವರಿಗೂ ಗೊತ್ತಾಗುತ್ತಿದ್ದವು, ಯಾಕೆಂದರೆ ನಾಣ್ಯದ ಮೇಲೆ, ಊರಬಾಗಿಲ ಮೇಲೆ ದಿನಾ ನೋಡುತ್ತಿದ್ದರು. ಆ ಮೇಲಿನ ಮಂಟಪ ಮಾತ್ರ ಬೆರಳೆಣಿಕೆಯ ಪಂಡಿತರಿಗೆ ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದಕ್ಕೇ ಸ್ಟಾಬಿಯಸ್ ಕಮಾನಿನ ಕೆಳಗೆ ಉದ್ದಕ್ಕೆ ವಿವರಣೆ ಬರೆದು ಸೇರಿಸಿದ್ದಾನೆ. ಅರ್ಥವಾಗದ್ದೂ ಒಂದು ಬಗೆಯ ಅಧಿಕಾರವೇ. ಗರ್ಭಗುಡಿಯ ಮಂತ್ರದ ಹಾಗೆ. ಕೆಳಗೆ ನಿಂತವನಿಗೆ ಏನೋ ದೊಡ್ಡದು ನಡೆಯುತ್ತಿದೆ ಅಂತ ತಿಳಿದರೆ ಸಾಕು.

ಗಂಡಭೇರುಂಡದ ವಿಷಯ. ನಮ್ಮ ಕಣ್ಣಿಗೆ ಅದು ಮೊದಲು ಬೀಳುವುದು ಸಹಜ. ಬಳ್ಳಿಗಾವೆಯ ಗಂಡಭೇರುಂಡದ ಕಂಬ 1047ರದು. ವಿಜಯನಗರದ ಅಚ್ಯುತದೇವರಾಯನ ನಾಣ್ಯಗಳ ಮೇಲೂ ಗಂಡಭೇರುಂಡ ಇದೆ. ಅವನು ಪಟ್ಟಕ್ಕೆ ಬಂದದ್ದು 1529ರಲ್ಲಿ, ಅಂದರೆ ಡ್ಯೂರರ್ ಸತ್ತ ಮರುವರ್ಷ. ಆದರೆ ಇದನ್ನು ನೋಡಿ ಅವರು ಮಾಡಿದರು, ಅದನ್ನು ನೋಡಿ ಇವರು ಮಾಡಿದರು ಅಂತ ಹೇಳಲು ಆಧಾರ ಇಲ್ಲ, ದಯವಿಟ್ಟು ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಿ. ಜರ್ಮನ್ ಹದ್ದಿನ ಲೆಕ್ಕವೇ ಬೇರೆ. ಅಲ್ಲಿ ತಲೆ ಎಣಿಸುವುದು ಮುಖ್ಯ. ಒಂದು ತಲೆ ಇದ್ದರೆ ರಾಜ, ಎರಡು ಇದ್ದರೆ ಚಕ್ರವರ್ತಿ. ಈ ಪದ್ಧತಿ 1433ರಲ್ಲಿ ಸಿಗಿಸ್ಮಂಡ್ ಚಕ್ರವರ್ತಿಯ ಕಾಲಕ್ಕೆ ಗಟ್ಟಿಯಾಯಿತು. ಮ್ಯಾಕ್ಸಿಮಿಲಿಯನ್ 1508ರ ನಂತರ ಎಲ್ಲೆಲ್ಲೂ ಎರಡು ತಲೆ ಹಾಕಿಸಿದ್ದು ಯಾಕೆ ಅಂತ ಈಗ ಗೊತ್ತಾಗುತ್ತದೆ. 1510ರಲ್ಲಿ ಬುರ್ಗ್‌ಮೈರ್‌ನ ಚಿತ್ರ ಇಟ್ಟುಕೊಂಡು ಯೋಸ್ಟ್ ಡಿ ನೆಗ್ಕರ್ ಒಂದು ಹದ್ದನ್ನು ಅಚ್ಚು ಮಾಡಿದ. ಅದರ ರೆಕ್ಕೆಯ ಗರಿಗಳ ಮೇಲೆ 56 ಲಾಂಛನಗಳು, ನಾಲ್ಕು ನಾಲ್ಕರ ಗುಂಪಿನಲ್ಲಿ. ಎದೆಯ ಮೇಲೆ ಶಿಲುಬೆ. ಸಾಮ್ರಾಜ್ಯದ ನಾಡುಗಳೂ ನಗರಗಳೂ ಎಲ್ಲ ಒಂದೇ ಹಕ್ಕಿಯ ಮೈಗೆ ಅಂಟಿಕೊಂಡಿವೆ. ನಿಜದಲ್ಲಿ ಆ ಗರಿಗಳು ಒಂದೊಂದೂ ಒಂದೊಂದು ದಿಕ್ಕಿಗೆ ಎಳೆಯುತ್ತಿದ್ದವು.

ನಮ್ಮ ಕಡಲಿಗೆ ತಾಗುವ ಇನ್ನೊಂದು ಸಂಗತಿ ಇದೆ, ಅದನ್ನು ಬಿಡಲು ಮನಸ್ಸಿಲ್ಲ. ಕಮಾನಿನ ಜೊತೆಗೇ ಇವನು ಒಂದು ವಿಜಯದ ಮೆರವಣಿಗೆಯನ್ನೂ ಅಚ್ಚಿನಲ್ಲಿ ಮಾಡಿಸಿದ. ಎಲ್ಲ ಹಾಳೆ ಜೋಡಿಸಿದರೆ ಐವತ್ತು ಮೀಟರ್ ದಾಟುವ ಉದ್ದ. ಹೇಗಿರಬೇಕು ಅಂತ 1512ರಲ್ಲಿ ಅವನೇ ಬಾಯಲ್ಲಿ ಹೇಳಿ ಕಾರ್ಯದರ್ಶಿ ಕೈಲಿ ಬರೆಸಿದ್ದ. ಅದರ ಕೊನೆಯಲ್ಲಿ ಆನೆ ಬರುತ್ತದೆ, ಹಿಂದೆ ‘ಕಲ್ಲಿಕೋಟೆಯ ಜನ’ ನಡೆದು ಬರುತ್ತಾರೆ. ಬರೆದವನು ಬುರ್ಗ್‌ಮೈರ್. ಕಲ್ಲಿಕೋಟೆಯಲ್ಲಿ ಆಗ ಆಳುತ್ತಿದ್ದವರು ಸಾಮೂತಿರಿ ಅರಸರು, ಮ್ಯಾಕ್ಸಿಮಿಲಿಯನ್‌ಗೆ ಅಲ್ಲಿ ಒಂದು ಅಂಗುಲ ನೆಲವೂ ಇರಲಿಲ್ಲ. ಪೋರ್ಚುಗೀಸರ ಕೈಗೂ ಅದು ಸಿಕ್ಕಿರಲಿಲ್ಲ. ಇನ್ನೂ ಹತ್ತಿರ ಹೋಗಿ ನೋಡಿ. ಆ ಜನರಲ್ಲಿ ಕೆಲವರು ಗರಿಯ ಉಡುಪು ತೊಟ್ಟಿದ್ದಾರೆ, ಕೈಯಲ್ಲಿ ಮೆಕ್ಕೆಜೋಳದ ತೆನೆ ಇದೆ. ಅದು ಮಲಬಾರ್ ಅಲ್ಲ, ಅಮೆರಿಕ! ದೂರದ ನಾಡುಗಳೆಲ್ಲ ಒಂದೇ ಗಂಟಿನಲ್ಲಿ ಕಟ್ಟಿ ಚಕ್ರವರ್ತಿಯ ಹಿಂದೆ ನಡೆಸಿದ್ದಾರೆ. ಬುರ್ಗ್‌ಮೈರ್‌ಗೆ ಈ ಕರಾವಳಿಯ ಬಗ್ಗೆ ಏನೂ ಗೊತ್ತಿರಲಿಲ್ಲ ಅಂತಲೂ ಅಲ್ಲ. ವೆಲ್ಸರ್ ಸಾಹುಕಾರರ ಪರವಾಗಿ ಬಾಲ್ತಸಾರ್ ಸ್ಪ್ರಿಂಗರ್ ಎಂಬವನು 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡನ ಹಡಗುಗಳ ಜೊತೆ ಇಲ್ಲಿಗೆ ಬಂದಿದ್ದ. ಅದೇ ಹಡಗಿನ ದಂಡು ಕಾರವಾರದ ಹತ್ತಿರದ ಅಂಜುದೀವ್ ದ್ವೀಪದಲ್ಲಿ ಇಳಿದು ಕೋಟೆ ಕಟ್ಟಲು ಹೊರಟದ್ದು, ಹೊನ್ನಾವರಕ್ಕೆ ಬೆಂಕಿ ಇಟ್ಟದ್ದು. ಸ್ಪ್ರಿಂಗರ್ ತಂದ ವರದಿ ಇಟ್ಟುಕೊಂಡು ಬುರ್ಗ್‌ಮೈರ್ 1508ರಲ್ಲಿ ಕೊಚ್ಚಿಯ ಅರಸನನ್ನು ಜನ ಹೊತ್ತು ಸಾಗುವ ಚಿತ್ರ ಮಾಡಿದ್ದ. ಆ ಚಿತ್ರದಲ್ಲಿ ಸ್ವಲ್ಪವಾದರೂ ನೋಡುವ ಕುತೂಹಲ ಇದೆ. ಮೆರವಣಿಗೆಗೆ ಬಂದಾಗ ಕುತೂಹಲ ಹೋಗಿ ಬರೀ ಸಂಖ್ಯೆ ತುಂಬಿಸುವ ಕೆಲಸ ಆಗಿದೆ. ಇದನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಮ್ಯಾಕ್ಸಿಮಿಲಿಯನ್ 1519ರ ಜನವರಿ 12ರಂದು ವೆಲ್ಸ್ ಊರಲ್ಲಿ ತೀರಿಕೊಂಡ. ಮೆರವಣಿಗೆ ಅಚ್ಚಾದದ್ದನ್ನು ಅವನು ನೋಡಲೇ ಇಲ್ಲ. ಮೊಮ್ಮಗ ಫರ್ಡಿನಾಂಡ್ 1526ರಲ್ಲಿ ಹಾಕಿಸಿದ. ಬ್ಲಾಕ್‌ಗಳಲ್ಲಿ ಬಹುಪಾಲು ಇವತ್ತಿಗೂ ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿ ಇವೆ. ಡ್ಯೂರರ್ ತನ್ನ ಪಾಲಿಗೆ ಬಂದಿದ್ದ ದೊಡ್ಡ ವಿಜಯರಥವನ್ನು 1522ರಲ್ಲಿ ತಾನೇ ಸ್ವಂತ ಖರ್ಚಿನಲ್ಲಿ ಎಂಟು ಹಾಳೆಗಳಲ್ಲಿ ಹೊರತಂದ. ಹನ್ನೆರಡು ಕುದುರೆ. ಲಗಾಮು ವಿವೇಕ ಎಂಬ ಹೆಂಗಸಿನ ಕೈಯಲ್ಲಿ. ಚಕ್ರಗಳ ಮೇಲೆ ವೈಭವ, ಗೌರವ, ಘನತೆ, ಕೀರ್ತಿ ಅಂತ ಬರೆದಿದೆ. ಮೇಲಿನ ಛತ್ರದಲ್ಲಿ ಸೂರ್ಯ, ಪಕ್ಕದಲ್ಲಿ ‘ಆಕಾಶದಲ್ಲಿ ಸೂರ್ಯ ಹೇಗೋ ಭೂಮಿಯಲ್ಲಿ ಸೀಸರ್ ಹಾಗೆ’ ಅನ್ನುವ ಅರ್ಥದ ಲ್ಯಾಟಿನ್ ಮಾತು. ದೊರೆಯ ಹಿಂದೆ ವಿಜಯಲಕ್ಷ್ಮಿ ನಿಂತು ತಲೆಗೆ ಮಾಲೆ ಹಿಡಿದಿದ್ದಾಳೆ, ಅವಳ ರೆಕ್ಕೆಯ ಒಂದೊಂದು ಗರಿಯ ಮೇಲೂ ಗೆದ್ದ ಜನಾಂಗಗಳ ಹೆಸರು. ಓದುತ್ತಾ ಹೋದರೆ ಅದರಲ್ಲಿ ಸ್ವಿಸ್ ಜನರ ಹೆಸರೂ ಇದೆ. 1499ರಲ್ಲಿ ಇದೇ ಸ್ವಿಸ್ ಜನ ಅವನನ್ನು ಸೋಲಿಸಿ ಕಳಿಸಿದ್ದರು. ಗರಿಯ ಮೇಲೆ ಮಾತ್ರ ಅವರು ಸೋತವರು.

ಈ ಸಂತೆಯ ಎದುರು ಇನ್ನೊಂದು ಚಿತ್ರ ಇಟ್ಟು ನೋಡಿ. 1524ರಲ್ಲಿ ಡ್ಯೂರರ್ ತಾಮ್ರದ ತಗಡಿನಲ್ಲಿ ಕೊರೆದ ಸ್ಯಾಕ್ಸನಿಯ ಫ್ರೆಡರಿಕ್‌ನ ಮುಖ. ದಪ್ಪ ಗಡ್ಡ, ಸಾದಾ ಟೋಪಿ, ಆಯಾಸದ ಕಣ್ಣು. ಮೇಲಿನ ಎರಡು ಮೂಲೆಯಲ್ಲಿ ಎರಡು ಪುಟ್ಟ ಲಾಂಛನ, ಒಂದರಲ್ಲಿ ಅಡ್ಡಡ್ಡ ಇಟ್ಟ ಎರಡು ಕತ್ತಿ. ಕೆಳಗೆ ಕೆಲವು ಸಾಲು ಬರಹ. ಮುಗಿಯಿತು. ಕಿರೀಟ ಇಲ್ಲ, ಕಮಾನಿಲ್ಲ, ಕೊಕ್ಕರೆ ಇಲ್ಲ. ಇವನು ಯಾರು ಗೊತ್ತಾ? ಚಕ್ರವರ್ತಿಯನ್ನು ಆರಿಸುವ ಏಳು ಜನರಲ್ಲಿ ಒಬ್ಬ. 1519ರಲ್ಲಿ ನೀವೇ ಚಕ್ರವರ್ತಿ ಆಗಿ ಅಂತ ಒತ್ತಾಯ ಬಂದಾಗ ಬೇಡ ಅಂದವನು. ಪೋಪನ ವಿರುದ್ಧ ಎದ್ದ ಧರ್ಮಸುಧಾರಕ ಲೂಥರ್‌ಗೆ ರಕ್ಷಣೆ ಕೊಟ್ಟವನು. ನೆಲವೂ ಬಲವೂ ಕೈಯಲ್ಲಿ ಇದ್ದವನಿಗೆ ಎರಡು ಕತ್ತಿ ಸಾಕಾಯಿತು.

ರಾಜನೇ ಇಲ್ಲದ ಕಡೆ ಏನು ಮಾಡುತ್ತಿದ್ದರು ಅಂತ ನೋಡಬೇಕಾದರೆ ವೆನಿಸ್‌ಗೆ ಹೋಗಿ. 1500ರಲ್ಲಿ ಯಾಕೊಪೊ ದೆ ಬಾರ್ಬರಿ ಆ ಇಡೀ ನಗರವನ್ನು ಹಕ್ಕಿಯ ಕಣ್ಣಿನಿಂದ ನೋಡಿದ ಹಾಗೆ ಆರು ಬ್ಲಾಕ್‌ಗಳಲ್ಲಿ ಬರೆದ. ಸುಮಾರು 2.8 ಮೀಟರ್ ಅಗಲ. ಮೇಲೆ ವ್ಯಾಪಾರದ ದೇವತೆ ಮರ್ಕ್ಯುರಿ, ಕೆಳಗೆ ಕಡಲಿನ ದೇವತೆ ನೆಪ್ಚೂನ್. ಯಾವ ಮನುಷ್ಯನೂ ಸಿಂಹಾಸನದ ಮೇಲಿಲ್ಲ. ಮನೆ, ಕಾಲುವೆ, ಹಡಗು, ಗೋಪುರ, ಇವನ್ನೇ ಒಂದೂ ಬಿಡದೆ ಎಣಿಸಿ ತೋರಿಸಿದ್ದೇ ಅಲ್ಲಿನ ಅಧಿಕಾರದ ಗುರುತು.

ಈಗ ಒಂದು ಕಿರೀಟವನ್ನು ಚಾಕುವಿನಿಂದ ಕೆತ್ತಿ ತೆಗೆದ ಕಥೆ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ತಪ್ಪದೆ ಹೇಳುತ್ತೇನೆ. 1521ರಲ್ಲೇ ವಿಟೆನ್‌ಬರ್ಗ್‌ನಲ್ಲಿ ಕ್ರಾನಾಖ್ 26 ಚಿತ್ರಗಳ ಒಂದು ಪುಟ್ಟ ಹೊತ್ತಿಗೆಗೆ ಚಿತ್ರ ಕೊಟ್ಟಿದ್ದ. ಒಂದು ಕಡೆ ಯೇಸು, ಎದುರಿಗೆ ಪೋಪ್. ಯೇಸುವಿನ ತಲೆಗೆ ಮುಳ್ಳಿನ ಕಿರೀಟ, ಎದುರು ಪುಟದಲ್ಲಿ ಪೋಪನ ತಲೆಗೆ ಮೂರು ಅಂತಸ್ತಿನ ಕಿರೀಟ. ಯೇಸು ಶಿಷ್ಯರ ಕಾಲು ತೊಳೆಯುತ್ತಾನೆ, ಪೋಪ್ ತನ್ನ ಕಾಲಿಗೆ ಮುತ್ತು ಕೊಡಿಸಿಕೊಳ್ಳುತ್ತಾನೆ. ಓದಲು ಬಾರದವರಿಗೂ ಒಂದೇ ನೋಟಕ್ಕೆ ತಿಳಿಯುತ್ತದೆ. ಮರುವರ್ಷ, 1522ರ ಸೆಪ್ಟೆಂಬರ್‌ನಲ್ಲಿ ಲೂಥರ್ ಜರ್ಮನ್ ಭಾಷೆಗೆ ತಂದ ಹೊಸ ಒಡಂಬಡಿಕೆ, ಅಂದರೆ ಬೈಬಲ್‌ನ ಎರಡನೇ ಭಾಗ, ಅಚ್ಚಾಯಿತು. ಅದರ ಕೊನೆಯ ಭಾಗಕ್ಕೆ ಕ್ರಾನಾಖ್‌ನ ಕಾರ್ಖಾನೆ 21 ಚಿತ್ರ ಮಾಡಿತು. ಅದರಲ್ಲಿ ಬೈಬಲ್ ಕೆಟ್ಟ ಅಧಿಕಾರದ ರೂಪವಾಗಿ ಹೇಳುವ ಬ್ಯಾಬಿಲೋನಿನ ವೇಶ್ಯೆ ಏಳು ತಲೆಯ ಮೃಗದ ಮೇಲೆ ಕೂತಿದ್ದಾಳೆ, ಅವಳ ತಲೆ ಮೇಲೆ ಅದೇ ಮೂರು ಅಂತಸ್ತಿನ ಪೋಪನ ಕಿರೀಟ. ಗಲಾಟೆ ಆಗದೆ ಇರುತ್ತದಾ? ಪೋಪನ ಕಡೆಯ ಸ್ಯಾಕ್ಸನಿಯ ಡ್ಯೂಕ್ ಜಾರ್ಜ್ ಆಕ್ಷೇಪ ಎತ್ತಿದ. ಡಿಸೆಂಬರ್‌ನಲ್ಲಿ ಎರಡನೇ ಮುದ್ರಣ ಬಂದಾಗ ಅವಳ ತಲೆ ಮೇಲೆ ಸಾದಾ ಕಿರೀಟ.

ಹೇಗೆ ಮಾಡಿದರು ಅನ್ನುವುದನ್ನು ಕಸುಬಿನವನಾಗಿ ಹೇಳುತ್ತೇನೆ. ಮರದ ಅಚ್ಚಿನಲ್ಲಿ ಗೆರೆ ಎಂದರೆ ಉಬ್ಬಿ ನಿಂತ ಮರದ ತೆಳ್ಳನೆ ಗೋಡೆ. ಸುತ್ತಲಿನ ಮರ ತೆಗೆದು ಗೆರೆಯನ್ನು ಉಳಿಸಿಕೊಳ್ಳುತ್ತೇವೆ. ಶಾಯಿ ಆ ಗೋಡೆಯ ನೆತ್ತಿಗೆ ಮಾತ್ರ ಹತ್ತುತ್ತದೆ. ಒಂದು ಗೆರೆ ಬೇಡ ಅನ್ನಿಸಿದರೆ ಆ ಗೋಡೆಯನ್ನು ಕೆತ್ತಿ ಹಾಕಿದರೆ ಸಾಕು, ಆ ಜಾಗ ಕಾಗದದ ಮೇಲೆ ಬಿಳಿಯಾಗಿ ಬರುತ್ತದೆ. ಹೊಸ ಗೆರೆ ಸೇರಿಸಬೇಕಾದರೆ ಮಾತ್ರ ಕಷ್ಟ, ಮರದ ತುಂಡು ಕೂರಿಸಿ ಹೊಸದಾಗಿ ಕೊರೆಯಬೇಕು. ಅಂದರೆ ಅಚ್ಚಿನಲ್ಲಿ ಕಿರೀಟ ತೆಗೆಯುವುದು ಸುಲಭ, ಇಡುವುದು ಕಷ್ಟ. ಅವರು ಅದೇ ಬ್ಲಾಕ್‌ನಲ್ಲಿ ಮೇಲಿನ ಎರಡು ಅಂತಸ್ತನ್ನು ಕೆತ್ತಿ ತೆಗೆದರು. ಎರಡೂ ಮುದ್ರಣಗಳನ್ನು ಪಕ್ಕಪಕ್ಕ ಇಟ್ಟರೆ ಅವಳ ತಲೆಯ ಮೇಲೆ ಆ ಖಾಲಿ ಜಾಗ ಎದ್ದು ಕಾಣುತ್ತದೆ. ಮರ ಹೋದ ಜಾಗ ಅದು. ಹನ್ನೆರಡು ವರ್ಷದ ನಂತರ, 1534ರಲ್ಲಿ ಇಡೀ ಬೈಬಲ್ ಹೊಸ ಚಿತ್ರಗಳೊಂದಿಗೆ ಬಂದಾಗ ಮೂರು ಅಂತಸ್ತಿನ ಕಿರೀಟ ಅವಳ ತಲೆಗೆ ವಾಪಸ್ ಬಂತು. ಕೆಲವು ಮಿಲಿಮೀಟರ್ ಮರಕ್ಕೆ ದೊರೆಗಳು ಇಷ್ಟು ತಲೆಕೆಡಿಸಿಕೊಂಡಿದ್ದಾರೆ ಅಂದರೆ, ಈ ಗುರುತುಗಳು ಸುಮ್ನೆ ಅಲಂಕಾರ ಅಲ್ಲ ಅಂತ ಬೇರೆ ಸಾಕ್ಷಿ ಬೇಕಾ?

ಕಲಾವಿದರ ಕೈಯಲ್ಲೂ ಒಂದು ಅಧಿಕಾರದ ಗುರುತು ಇತ್ತು. ಡ್ಯೂರರ್‌ನ ಎ ಅಕ್ಷರದ ಕಾಲುಗಳ ನಡುವೆ ಡಿ ಅಕ್ಷರ ಕೂತ ಸಹಿ ನಿಮಗೆ ಗೊತ್ತೇ ಇದೆ. ಅದನ್ನು ಕದಿಯುವವರು ಆಗಲೇ ಇದ್ದರು. ಹೊರಗಿನಿಂದ ಬಂದ ಒಬ್ಬ ವ್ಯಾಪಾರಿ ಆ ಸಹಿಯನ್ನು ಸುಳ್ಳಾಗಿ ಹಾಕಿದ ಅಚ್ಚುಗಳನ್ನು ನ್ಯೂರೆಂಬರ್ಗ್‌ನ ನಗರಸಭೆಯ ಬಳಿಯೇ ಮಾರುತ್ತಿದ್ದ. 1512ರಲ್ಲಿ ಸಭೆ ಆದೇಶ ಹೊರಡಿಸಿತು, ಸಹಿ ತೆಗೆಯಬೇಕು, ಇಲ್ಲದಿದ್ದರೆ ಮಾಲು ಜಪ್ತಿ. ಚಿತ್ರ ನಕಲು ಮಾಡಿದ್ದಕ್ಕಲ್ಲ ನೋಡಿ, ಸಹಿ ಹಾಕಿದ್ದಕ್ಕೆ. 1511ರಲ್ಲೇ ಡ್ಯೂರರ್ ತನ್ನ ಪುಸ್ತಕಗಳ ಕೊನೆಯಲ್ಲಿ ಮ್ಯಾಕ್ಸಿಮಿಲಿಯನ್ ಕೊಟ್ಟ ಹಕ್ಕಿನ ಹೆಸರು ಹೇಳಿ ಕಳ್ಳರಿಗೆ ಎಚ್ಚರಿಕೆ ಅಚ್ಚು ಹಾಕಿದ್ದ. ಚಕ್ರವರ್ತಿಗೆ ಚಿತ್ರಕಾರ ಬೇಕು, ಚಿತ್ರಕಾರನಿಗೆ ಚಕ್ರವರ್ತಿಯ ಹೆಸರು ಬೇಕು.

ದುಡ್ಡು ಮಾತ್ರ ಸುಲಭವಾಗಿ ಬರಲಿಲ್ಲ. 1515ರ ಜುಲೈನಲ್ಲಿ ಡ್ಯೂರರ್ ನ್ಯೂರೆಂಬರ್ಗ್‌ನ ಒಬ್ಬ ಪ್ರಮುಖರಿಗೆ ಪತ್ರ ಬರೆದು, ಮೂರು ವರ್ಷ ದೊರೆಗೆ ದುಡಿದಿದ್ದೇನೆ, ಕೈಯಿಂದಲೇ ಖರ್ಚಾಗಿದೆ, ನಾನು ಕಷ್ಟಪಡದಿದ್ದರೆ ಆ ಚೆಂದದ ಕೆಲಸ ಮುಗಿಯುತ್ತಲೇ ಇರಲಿಲ್ಲ ಅಂತ ಹೇಳಿಕೊಂಡಿದ್ದಾನೆ. ಆ ವರ್ಷ ವರ್ಷಕ್ಕೆ 100 ಗಿಲ್ಡರ್ (ಆಗಿನ ಚಿನ್ನದ ನಾಣ್ಯ) ಗೌರವಧನ ಮಂಜೂರಾಯಿತು, ಅದೂ ನ್ಯೂರೆಂಬರ್ಗ್ ನಗರ ದೊರೆಗೆ ಕಟ್ಟಬೇಕಿದ್ದ ತೆರಿಗೆಯಿಂದ. ದೊರೆ ಸತ್ತ ಕೂಡಲೇ ನಗರಸಭೆ ಕೊಡುವುದನ್ನು ನಿಲ್ಲಿಸಿತು. ಡ್ಯೂರರ್ 1520ರಲ್ಲಿ ಹೆಂಡತಿಯ ಜೊತೆ ನೆದರ್‌ಲೆಂಡ್ಸ್ ಕಡೆಗೆ ಹೊರಟ. ಹೊಸ ಚಕ್ರವರ್ತಿ ಐದನೇ ಚಾರ್ಲ್ಸ್‌ನಿಂದ ಅದನ್ನು ಮತ್ತೆ ಖಾಯಂ ಮಾಡಿಸಿಕೊಳ್ಳುವುದು ಈ ಪ್ರಯಾಣದ ಮುಖ್ಯ ಕೆಲಸ. ನವೆಂಬರ್‌ನಲ್ಲಿ ಆಯಿತು. ಅದೇ ಪ್ರಯಾಣದಲ್ಲಿ ತಾನು ಬರೆದ ಮ್ಯಾಕ್ಸಿಮಿಲಿಯನ್‌ನ ಚಿತ್ರವನ್ನು ದೊರೆಯ ಮಗಳು ಮಾರ್ಗರೆಟ್‌ಗೆ ಕೊಡಲು ಹೋದ. ಅವಳಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ, ವಾಪಸ್ ತಂದೆ ಅಂತ ದಿನಚರಿಯಲ್ಲಿ ಬರೆದಿದ್ದಾನೆ.

ಆ ಮುಖವನ್ನು ಡ್ಯೂರರ್ ಎದುರು ಕೂತು ಬರೆದದ್ದು 1518ರ ಜೂನ್ 28ರಂದು, ಔಗ್ಸ್‌ಬುರ್ಗ್‌ನಲ್ಲಿ, ಅರಮನೆಯ ಮೇಲಿನ ಪುಟ್ಟ ಕೋಣೆಯಲ್ಲಿ. ಹಾಗೆಂದು ಆ ಹಾಳೆಯ ಮೇಲೇ ಬರೆದುಕೊಂಡಿದ್ದಾನೆ. ಅದನ್ನು ಇಟ್ಟುಕೊಂಡು 1519ರಲ್ಲಿ ಮಾಡಿದ ಮರದ ಅಚ್ಚಿನಲ್ಲಿ ಕಿರೀಟ ಇಲ್ಲ, ಅಗಲ ಅಂಚಿನ ಟೋಪಿ ಇದೆ. ಹೆಸರಿನ ಜೊತೆ ‘ದಿವುಸ್’ ಅಂತ ಸೇರಿದೆ, ರೋಮನ್ನರು ತೀರಿಹೋದ ಚಕ್ರವರ್ತಿಗಳಿಗೆ ಹೇಳುತ್ತಿದ್ದ ಮಾತು. ಜನ ಎಷ್ಟು ಕೊಂಡರೆಂದರೆ ಒಂದು ಬ್ಲಾಕ್ ಸಾಲದೆ ಅದೇ ಚಿತ್ರವನ್ನು ಬೇರೆ ಬೇರೆ ಬ್ಲಾಕ್‌ಗಳಲ್ಲಿ ಮತ್ತೆ ಕೊರೆಸಿದರು. ದೊರೆ ತನ್ನ ಜೀವನಕಥೆಯಲ್ಲಿ ಒಂದು ಮಾತು ಹೇಳಿಸಿದ್ದ. ಬದುಕಿದ್ದಾಗ ತನ್ನ ನೆನಪಿಗೆ ಏನೂ ಮಾಡಿಕೊಳ್ಳದವನನ್ನು ಸಾವಿನ ಗಂಟೆ ನಿಂತ ಕೂಡಲೇ ಮರೆಯುತ್ತಾರೆ, ಹಾಗಾಗಿ ನೆನಪಿಗೆ ಹಾಕಿದ ದುಡ್ಡು ಪೋಲಲ್ಲ ಅಂತ. ಐನೂರು ವರ್ಷದ ಮೇಲೆ ನೀವು ಅವನ ಬಗ್ಗೆ ನನ್ನನ್ನು ಕೇಳುತ್ತಿದ್ದೀರಿ.

ಈಗ ನೀವು ಮಾಡಬೇಕಾದ್ದು ಇಷ್ಟು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಈ ಕಮಾನಿನ ಪೂರ್ತಿ ಪ್ರತಿ ಇದೆ, ಅದರ ಚಿತ್ರ ಅವರ ಜಾಲತಾಣದಲ್ಲಿ ಸಿಗುತ್ತದೆ. ಮೊಬೈಲ್‌ನಲ್ಲಿ ಬೇಡ, ದೊಡ್ಡ ಪರದೆಯಲ್ಲಿ ತೆರೆಯಿರಿ. ಮೇಲಿನ ಮಂಟಪದ ಕೊಕ್ಕರೆ ಮತ್ತು ಹುಂಜವನ್ನು ಹುಡುಕಿ. ಆಮೇಲೆ ಕೆಳಗೆ ಬನ್ನಿ, ಬಲಗಡೆ ಮೆಟ್ಟಿಲುಗಳ ಹತ್ತಿರ. ಅಲ್ಲಿ ಮೂರು ಲಾಂಛನಗಳಿವೆ. ಮೊದಲನೆಯದು ಪಂಡಿತ ಸ್ಟಾಬಿಯಸ್‌ನದು, ಎಲ್ಲಕ್ಕಿಂತ ದೊಡ್ಡದು. ಅದಕ್ಕಿಂತ ಸಣ್ಣದು ಕೋಲ್ಡರರ್‌ನದು. ಎಲ್ಲಕ್ಕಿಂತ ಸಣ್ಣದರಲ್ಲಿ ತೆರೆದ ಬಾಗಿಲು ಇದೆ, ಅದು ಡ್ಯೂರರ್‌ನದು, ಅವನ ಮನೆಹೆಸರಿಗೆ ಬಾಗಿಲು ಅಂತಲೇ ಅರ್ಥ. 195 ಬ್ಲಾಕ್‌ಗಳನ್ನು ಕೊರೆಸಿದ ಹೈರೋನಿಮಸ್ ಆಂಡ್ರೇಗೆ ಆ ಸಾಲಿನಲ್ಲಿ ಲಾಂಛನ ಇಲ್ಲ. ಅವನ ಕೈ ನೋಡಬೇಕಾದರೆ ಆ ಬಾಗಿಲಿನ ಗೆರೆಗಳನ್ನೇ ದೊಡ್ಡದು ಮಾಡಿ ನೋಡಿ, ಕೂದಲೆಳೆಯಷ್ಟು ಮರ ಉಳಿಸಿ ಉಳಿದದ್ದೆಲ್ಲ ತೆಗೆದಿದ್ದಾರೆ.